ನಿದ್ದೆಗೆಟ್ಟ ಇ-ರೀಡರ್: ರಿಪೇರಿ ಮೇಜಿನ ಹನ್ನೆರಡು ಪಾಠಗಳು

ಮೊಬೈಲ್ ರಿಪೇರಿ ಅಂಗಡಿಗೆ ಇ-ರೀಡರ್ ಬರುವುದು ಅಪರೂಪ. ಬಂದರೆ ಅದರ ಜೊತೆಗೆ ತೀರ್ಪೂ ಬಂದಿರುತ್ತದೆ: "ಸಾರ್, ಬ್ಯಾಟರಿ ಹೋಗಿದೆ, ಬೇರೆ ಹಾಕಿಕೊಡಿ." ಬ್ಯಾಟರಿ ಹೋಗಿರುವುದೂ ಉಂಟು. ಆದರೆ ಬಹಳ ಸಲ ಬ್ಯಾಟರಿ ಚೆನ್ನಾಗಿಯೇ ಇರುತ್ತದೆ, ಯಂತ್ರ ಮಾತ್ರ ಮಲಗಿರುವುದಿಲ್ಲ. ಪರದೆಯ ಮೇಲೆ ಚಿತ್ರ ಬಂದು ಕೂತಿದೆ, ಮಾಲೀಕರು ಅದು ಮಲಗಿತು ಅಂದುಕೊಂಡಿದ್ದಾರೆ, ಒಳಗೆ ಪ್ರೊಸೆಸರ್ ಮಾತ್ರ ದುಡಿಯುತ್ತಲೇ ಇದೆ. ಇ-ರೀಡರ್ ತನ್ನ ಆಯುಷ್ಯದ ಬಹುಪಾಲನ್ನು ನಿದ್ದೆಯಲ್ಲೇ ಕಳೆಯಬೇಕೆಂದು ಕಟ್ಟಿದ ಯಂತ್ರ. ಹಾಗಾಗಿ ನಾನು ಮೊದಲು ಹುಡುಕುವುದು ಅದನ್ನು ಎಚ್ಚರವಾಗಿ ಇಟ್ಟಿರುವುದು ಏನು ಎಂಬುದನ್ನು. ಸ್ಕ್ರೂ ಡ್ರೈವರ್ ಹಿಡಿಯುವುದು ಆಮೇಲೆ. ಈ ಪಾಠಗಳಲ್ಲಿ ಹೆಚ್ಚಿನವನ್ನು ನೀವು ಮನೆಯಲ್ಲೇ, ಉಪಕರಣವಿಲ್ಲದೆ, ಪ್ರಯೋಗ ಮಾಡಬಹುದು.

1. ಕಂಪನಿ ಹೇಳಿದ ವಾರಗಳನ್ನು ಗಂಟೆಗಳಿಗೆ ಇಳಿಸಿ

"ಹತ್ತು ವಾರ ಬರುತ್ತೆ ಅಂದಿದ್ರು, ಎರಡೇ ವಾರಕ್ಕೆ ಮುಗೀತಿದೆ" ಎಂಬ ದೂರಿನಲ್ಲಿ ಹಲವು ಸಲ ದೋಷವೇ ಇರುವುದಿಲ್ಲ. 2021ರಲ್ಲಿ ಬಂದ ಕಿಂಡಲ್ ಪೇಪರ್‌ವೈಟ್ ಒಂದು ಚಾರ್ಜಿಗೆ ಹತ್ತು ವಾರದವರೆಗೆ ಬರುತ್ತದೆ ಎಂದು ಕಂಪನಿ ಹೇಳಿತು. ಅದರ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಷರತ್ತೂ ಇತ್ತು: ದಿನಕ್ಕೆ ಅರ್ಧ ಗಂಟೆ ಓದು, ವೈರ್‌ಲೆಸ್ ಆಫ್, ದೀಪದ ಮಟ್ಟ 13. ದೀಪದ ಅಳತೆ ಸೊನ್ನೆಯಿಂದ 24ರವರೆಗೆ ಇರುವುದರಿಂದ 13 ಎಂದರೆ ಹೆಚ್ಚುಕಡಿಮೆ ಅರ್ಧ ಬೆಳಕು.

ಈಗ ಗುಣಿಸಿ. ಹತ್ತು ವಾರಕ್ಕೆ 70 ದಿನ, ದಿನಕ್ಕೆ ಅರ್ಧ ಗಂಟೆ, ಒಟ್ಟು 35 ಗಂಟೆ. ದಿನಕ್ಕೆ ಎರಡು ಗಂಟೆ ಓದುವವರಿಗೆ ಅದು ಹದಿನೇಳು ದಿನಕ್ಕೆ ಮುಗಿಯುತ್ತದೆ. ವೈ-ಫೈ ಹಾಕಿಟ್ಟು, ದೀಪ ಪೂರ್ತಿ ಏರಿಸಿದರೆ ಇನ್ನೂ ಬೇಗ. ಹೀಗೆ ಲೆಕ್ಕ ಹಾಕಿ ತೋರಿಸಿದ ಮೇಲೆ ಕೆಲವರು ಯಂತ್ರವನ್ನು ಕೈಚೀಲಕ್ಕೆ ಹಾಕಿಕೊಂಡು ಹೊರಟುಬಿಡುತ್ತಾರೆ. ನಿಮ್ಮ ಲೆಕ್ಕವನ್ನೂ ಗಂಟೆಯಲ್ಲೇ ಇಡಿ. ಒಂದು ಚಾರ್ಜಿಗೆ ಎಷ್ಟು ಗಂಟೆ ಓದಿದಿರಿ ಎಂಬುದು ಗೊತ್ತಿದ್ದರೆ ಮಾತ್ರ ಚಾರ್ಜ್ ನಿಜವಾಗಿ ಸೋರುತ್ತಿದೆಯೇ ಎಂದು ಹೇಳಲು ಬರುತ್ತದೆ.

2. ನಿಂತ ಪುಟಕ್ಕೆ ಕರೆಂಟ್ ಬೇಡ

ಇ-ಇಂಕ್ ಪರದೆಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳಿವೆ, ಅವುಗಳ ಒಳಗೆ ವಿದ್ಯುದಾವೇಶವಿರುವ ಕಪ್ಪು ಮತ್ತು ಬಿಳಿ ಕಣಗಳು. ವೋಲ್ಟೇಜ್ ಕೊಟ್ಟಾಗ ಕಣಗಳು ಮೇಲಕ್ಕೋ ಕೆಳಕ್ಕೋ ಸರಿಯುತ್ತವೆ. ವೋಲ್ಟೇಜ್ ತೆಗೆದ ಮೇಲೂ ಇದ್ದಲ್ಲೇ ನಿಲ್ಲುತ್ತವೆ. ಕರೆಂಟ್ ಬೇಕಾಗುವುದು ಪುಟ ಬದಲಾಗುವ ಕ್ಷಣಕ್ಕೆ ಮಾತ್ರ. ಬ್ಯಾಟರಿ ಪೂರ್ತಿ ಸತ್ತ ಇ-ರೀಡರ್ ಕೂಡ ಕೊನೆಯ ಚಿತ್ರವನ್ನು ತೋರಿಸುತ್ತಾ ಕೂರುವುದು ಇದರಿಂದಲೇ.

ಇದರಿಂದ ಎರಡು ವಿಷಯ ತಿಳಿಯುತ್ತದೆ. ಪರದೆಯ ಮೇಲೆ ನಿದ್ದೆಯ ಚಿತ್ರ ಇದ್ದ ಮಾತ್ರಕ್ಕೆ ಯಂತ್ರ ನಿದ್ದೆಯಲ್ಲಿದೆ ಎನ್ನಲಾಗದು. ಚಾರ್ಜ್ ಕುಡಿಯುವವರನ್ನು ಹುಡುಕುವಾಗ ಪರದೆಯನ್ನು ಕೊನೆಗೆ ಇಟ್ಟುಕೊಂಡು, ಪ್ರೊಸೆಸರ್, ವೈ-ಫೈ, ದೀಪ ಈ ಮೂವರನ್ನು ಮೊದಲು ವಿಚಾರಿಸಬೇಕು.

3. ರಾತ್ರಿ ಪರೀಕ್ಷೆ ಮಾಡದೆ ಯಾವ ಸೆಟ್ಟಿಂಗ್ ಅನ್ನೂ ಮುಟ್ಟಬೇಡಿ

ಜನ ಗಾಬರಿಯಲ್ಲಿ ಐದಾರು ಸೆಟ್ಟಿಂಗ್ ಒಟ್ಟಿಗೆ ಬದಲಿಸುತ್ತಾರೆ. ಸರಿಹೋದರೆ ಯಾವುದರಿಂದ ಹೋಯಿತು ಎಂದು ತಿಳಿಯುವುದಿಲ್ಲ, ಸರಿಹೋಗದಿದ್ದರೆ ಯಾವುದನ್ನು ಹಿಂದಕ್ಕೆ ತಿರುಗಿಸಬೇಕು ಎಂದು ತಿಳಿಯುವುದಿಲ್ಲ. ಬದಲಿಗೆ ಹೀಗೆ ಮಾಡಿ.

ಮೊದಲ ರಾತ್ರಿ ಏರೋಪ್ಲೇನ್ ಮೋಡ್ ಹಾಕಿ, ಬಟನ್ ಒತ್ತಿ ಮಲಗಿಸಿ, ಶೇಕಡಾವಾರು ಬರೆದಿಟ್ಟುಕೊಳ್ಳಿ. ಬೆಳಿಗ್ಗೆ ನೋಡಿ. ಎರಡನೆಯ ರಾತ್ರಿ ಅದೇ ಕೆಲಸ, ಆದರೆ ವೈ-ಫೈ ಆನ್. ಮೂರನೆಯ ದಿನ ವೈ-ಫೈ ಆಫ್ ಮಾಡಿ ಒಂದು ಗಂಟೆ ಓದಿ, ಆ ಗಂಟೆಯಲ್ಲಿ ಎಷ್ಟು ಇಳಿಯಿತು ಎಂದು ಬರೆಯಿರಿ.

ಮೊದಲ ರಾತ್ರಿ ಶೇಕಡಾ ಒಂದೋ ಎರಡೋ ಇಳಿದರೆ ಚಿಂತೆಯಿಲ್ಲ. ವೈ-ಫೈ ಆಫ್ ಇದ್ದೂ ಹೆಚ್ಚು ಇಳಿದರೆ ಪ್ರೊಸೆಸರ್ ಎಚ್ಚರವಿದೆ ಅಥವಾ ಬ್ಯಾಟರಿ ಮುದಿಯಾಗಿದೆ. ಎರಡನೆಯ ರಾತ್ರಿ ಮಾತ್ರ ಇಳಿದರೆ ವೈ-ಫೈ. ರಾತ್ರಿ ಇಳಿಯದೆ ಓದುವಾಗ ಮಾತ್ರ ಇಳಿದರೆ ದೀಪ ಅಥವಾ ಓದುತ್ತಿರುವ ಫೈಲು.

ಒಂದು ಅಂದಾಜು ತಲೆಯಲ್ಲಿರಲಿ. 35 ಗಂಟೆಗೆ ಖಾಲಿಯಾಗುವ ಯಂತ್ರದಲ್ಲಿ ಎಂಟು ಗಂಟೆ ಓದಿದರೆ ಸುಮಾರು ಶೇ. 23 ಇಳಿಯಬೇಕು. ನಿಮ್ಮದು ರಾತ್ರಿ ಸುಮ್ಮನೆ ಇಟ್ಟಾಗಲೇ ಅಷ್ಟು ಇಳಿದಿದ್ದರೆ, ಯಾರೋ ರಾತ್ರಿಯಿಡೀ ದೀಪ ಹಾಕಿಕೊಂಡು ಓದಿದಷ್ಟು ಕೆಲಸ ಒಳಗೆ ನಡೆದಿದೆ ಎಂದರ್ಥ.

4. ಪುಸ್ತಕ ತುಂಬಿದ ವಾರವನ್ನು ನೆನಪಿಸಿಕೊಳ್ಳಿ

"ಯಾವಾಗಿಂದ ಹೀಗಾಗ್ತಿದೆ?" ಎಂದು ಕೇಳಿದ ಮೇಲೆ ನಾನು ಕೇಳುವ ಎರಡನೆಯ ಪ್ರಶ್ನೆ, "ಅದರ ಹಿಂದಿನ ವಾರ ಹೊಸ ಪುಸ್ತಕ ಹಾಕಿದ್ರಾ?" ಉತ್ತರ ಹೌದು ಎಂದಾದರೆ ಅರ್ಧ ಕೆಲಸ ಮುಗಿದಂತೆ.

ಹೊಸ ಪುಸ್ತಕ ಒಳಗೆ ಬಂದ ಕೂಡಲೇ ಇ-ರೀಡರ್ ಅದನ್ನು ಇಂಡೆಕ್ಸ್ ಮಾಡಲು ಕೂರುತ್ತದೆ. ಅಂದರೆ, ನೀವು ಮುಂದೆ ಯಾವುದಾದರೂ ಪದ ಹುಡುಕಿದರೆ ತಟ್ಟನೆ ತೋರಿಸಲು ಪುಸ್ತಕದ ಪದಗಳಿಗೆಲ್ಲ ಒಂದು ಪಟ್ಟಿ ಕಟ್ಟುತ್ತದೆ. ಒಂದೆರಡು ಪುಸ್ತಕಕ್ಕೆ ಇದು ನಿಮಿಷಗಳ ಕೆಲಸ. ಒಂದೇ ಸಲ ನೂರಾರು ಪುಸ್ತಕ ತುಂಬಿದರೆ ಯಂತ್ರ ಗಂಟೆಗಟ್ಟಲೆ ಬಿಸಿಯಾಗಿ ಕೂರುತ್ತದೆ, ಚಾರ್ಜ್ ಕಣ್ಣೆದುರೇ ಇಳಿಯುತ್ತದೆ. ಇದು ದೋಷವಲ್ಲ. ಚಾರ್ಜರ್‌ಗೆ ಹಾಕಿ ಒಂದು ರಾತ್ರಿ ಬಿಟ್ಟರೆ ಮುಗಿಯುತ್ತದೆ.

ತೊಂದರೆ ಕೊಡುವುದು ಕೆಟ್ಟ ಫೈಲು. ಅರ್ಧ ಡೌನ್‌ಲೋಡ್ ಆದದ್ದು, ಕನ್ವರ್ಟ್ ಮಾಡುವಾಗ ಮುರಿದದ್ದು, ಒಳಗಿನ ಕೋಡ್ ಸರಿಯಿಲ್ಲದ್ದು. ಯಂತ್ರ ಅದನ್ನು ಇಂಡೆಕ್ಸ್ ಮಾಡಲು ಹೋಗಿ ಸಿಕ್ಕಿಕೊಳ್ಳುತ್ತದೆ, ಮತ್ತೆ ಮೊದಲಿನಿಂದ ಶುರು ಮಾಡುತ್ತದೆ, ಮತ್ತೆ ಸಿಕ್ಕಿಕೊಳ್ಳುತ್ತದೆ. ಈ ಸುತ್ತು ಮುಗಿಯುವುದೇ ಇಲ್ಲ. ನೀವು ಕವರ್ ಮುಚ್ಚಿ ಮಲಗಿದರೂ ಅದು ಮಲಗುವುದಿಲ್ಲ.

ಹಿಡಿಯುವ ಉಪಾಯ ಸುಲಭ. ಕಿಂಡಲ್‌ನ ಹಲವು ಮಾದರಿಗಳಲ್ಲಿ, ಯಾವ ಪುಸ್ತಕದಲ್ಲೂ ಇರಲಾರದ ಅರ್ಥವಿಲ್ಲದ ಅಕ್ಷರಗಳ ಗುಂಪನ್ನು ಹುಡುಕಾಟದ ಪೆಟ್ಟಿಗೆಯಲ್ಲಿ ಹಾಕಿ. ಇನ್ನೂ ಇಂಡೆಕ್ಸ್ ಆಗದ ಪುಸ್ತಕಗಳಿದ್ದರೆ ಫಲಿತಾಂಶದ ಜೊತೆ ಅವುಗಳ ಪಟ್ಟಿ ಕಾಣುತ್ತದೆ. ಒಂದು ದಿನ ಬಿಟ್ಟು ಮತ್ತೆ ನೋಡಿ. ಪಟ್ಟಿಯಲ್ಲಿ ಅದೇ ಪುಸ್ತಕ ಕೂತಿದ್ದರೆ ಕಳ್ಳ ಸಿಕ್ಕ. ಅದನ್ನು ಅಳಿಸಿ, ಯಂತ್ರ ರೀಸ್ಟಾರ್ಟ್ ಮಾಡಿ, ರಾತ್ರಿ ಪರೀಕ್ಷೆ ಮತ್ತೊಮ್ಮೆ ಮಾಡಿ.

ಪಟ್ಟಿ ಕಾಣದ ಯಂತ್ರಗಳಲ್ಲಿ ಸ್ವಲ್ಪ ತಾಳ್ಮೆ ಬೇಕು. ಇತ್ತೀಚೆಗೆ ಹಾಕಿದ ಪುಸ್ತಕಗಳಲ್ಲಿ ಅರ್ಧವನ್ನು ಕಂಪ್ಯೂಟರಿಗೆ ತೆಗೆದಿಟ್ಟು ಒಂದು ರಾತ್ರಿ ನೋಡಿ. ಸರಿಹೋದರೆ ಕಳ್ಳ ತೆಗೆದ ಅರ್ಧದಲ್ಲಿದ್ದಾನೆ, ಇಲ್ಲವಾದರೆ ಉಳಿದದ್ದರಲ್ಲಿ. ಹೀಗೆ ಅರ್ಧ ಅರ್ಧ ಮಾಡುತ್ತಾ ಹೋದರೆ 64 ಪುಸ್ತಕಗಳಿದ್ದರೂ ಆರು ಸುತ್ತಿಗೆ ಒಂದೇ ಉಳಿಯುತ್ತದೆ. ಆ ಪುಸ್ತಕ ಬೇಕೇ ಬೇಕು ಎನ್ನುವವರು ಕ್ಯಾಲಿಬರ್ ಬಳಸಬಹುದು. ಕೋವಿದ್ ಗೋಯಲ್ 2006ರಲ್ಲಿ ಶುರು ಮಾಡಿದ ಈ ಉಚಿತ ತಂತ್ರಾಂಶದ ಎಡಿಟರ್‌ನಲ್ಲಿ ಪುಸ್ತಕದ ಒಳಗಿನ ತಪ್ಪುಗಳನ್ನು ಪರೀಕ್ಷಿಸುವ ಸೌಲಭ್ಯವಿದೆ. ತಪ್ಪು ಸರಿಪಡಿಸಿ, ಹೊಸದಾಗಿ ಕನ್ವರ್ಟ್ ಮಾಡಿ ಹಾಕಿದರೆ ಬಹಳ ಸಲ ಸಾಕಾಗುತ್ತದೆ.

5. ವೈ-ಫೈ ಇರುವುದಕ್ಕಿಂತ ಅರೆಬರೆ ಇರುವುದು ಕಷ್ಟ

ಗಟ್ಟಿ ಸಿಗ್ನಲ್ ಇರುವ ಮನೆಯಲ್ಲಿ ವೈ-ಫೈ ಅಷ್ಟೇನೂ ಕುಡಿಯುವುದಿಲ್ಲ. ರೂಟರ್ ಹಾಲ್‌ನಲ್ಲಿ, ಓದುವುದು ಎರಡು ಗೋಡೆ ದಾಟಿದ ಕೋಣೆಯಲ್ಲಿ ಎಂದಾದರೆ ಯಂತ್ರ ಸಂಪರ್ಕ ಕಳೆದುಕೊಂಡು ಮತ್ತೆ ಹುಡುಕುತ್ತಲೇ ಇರುತ್ತದೆ. ಪಿಜಿ, ಹಾಸ್ಟೆಲ್, ಆಫೀಸುಗಳ ವೈ-ಫೈ ಇನ್ನೊಂದು ಬಗೆ. ಲಾಗಿನ್ ಪುಟದಲ್ಲಿ ಹೆಸರು, ಪಾಸ್‌ವರ್ಡ್ ಹಾಕುವ ತನಕ ಅಲ್ಲಿ ಇಂಟರ್ನೆಟ್ ಬರುವುದಿಲ್ಲ. ಸಿಗ್ನಲ್ ಪೂರ್ತಿ ಕಾಣುತ್ತದೆ, ದಾರಿ ಮಾತ್ರ ಮುಚ್ಚಿರುತ್ತದೆ. ಓದಿದ ಪುಟ, ಗುರುತು ಹಾಕಿದ ಸಾಲು, ಅಪ್‌ಡೇಟ್ ಎಂದು ಯಂತ್ರ ಸರ್ವರ್‌ನ ಬಾಗಿಲು ತಟ್ಟುತ್ತಲೇ ಇರುತ್ತದೆ.

ಓದಲು ವೈ-ಫೈ ಬೇಕಿಲ್ಲ. ಏರೋಪ್ಲೇನ್ ಮೋಡ್‌ನಲ್ಲೇ ಇಟ್ಟು, ಹೊಸ ಪುಸ್ತಕ ಇಳಿಸುವಾಗಲೋ ಫೋನಿನಲ್ಲಿ ಓದು ಮುಂದುವರಿಸಬೇಕಾದಾಗಲೋ ಮಾತ್ರ ತೆರೆಯಿರಿ. ಆಡಿಯೋಬುಕ್ ಕೇಳುವವರು ಬ್ಲೂಟೂತ್ ಆಫ್ ಮಾಡಿದ್ದೀರಾ ಎಂದು ಒಮ್ಮೆ ನೋಡಿಕೊಳ್ಳಿ.

6. ಕವರ್ ಬಿಚ್ಚಿ ನೋಡಿ

ಕವರ್ ಮುಚ್ಚಿದರೆ ಮಲಗುವ, ತೆರೆದರೆ ಏಳುವ ಇ-ರೀಡರ್‌ಗಳ ಒಳಗೆ ಹಾಲ್ ಸೆನ್ಸರ್ ಇರುತ್ತದೆ, ಕವರ್‌ನ ಅಂಚಿನಲ್ಲಿ ಆಯಸ್ಕಾಂತ. ಎರಡೂ ಎದುರುಬದುರಾದಾಗ ಯಂತ್ರಕ್ಕೆ ಮಲಗುವ ಸೂಚನೆ. ಅಗ್ಗದ ಕವರ್‌ಗಳಲ್ಲಿ ಆಯಸ್ಕಾಂತ ಒಂದಿಷ್ಟು ಅತ್ತಿತ್ತ ಇರುತ್ತದೆ, ಹಳೆಯ ಕವರ್‌ಗಳಲ್ಲಿ ಮಡಿಕೆ ಸಡಿಲವಾಗಿ ಸರಿದಿರುತ್ತದೆ. ಬ್ಯಾಗಿನಲ್ಲಿ ಬಸ್ಸು ಕುಲುಕಿದ ಹಾಗೆಲ್ಲ ಕವರ್ ಒಂದಿಷ್ಟು ತೆರೆದು ಮುಚ್ಚುತ್ತದೆ, ಯಂತ್ರ ಎದ್ದು ಮಲಗಿ ಎದ್ದು ಮಲಗಿ ಮಾಡುತ್ತದೆ. ಎದ್ದಾಗಲೆಲ್ಲ ದೀಪವೂ ಹತ್ತುತ್ತದೆ.

ಪರೀಕ್ಷೆಗೆ ಖರ್ಚಿಲ್ಲ. ಕವರ್ ತೆಗೆದು, ಬಟನ್‌ನಿಂದ ಮಲಗಿಸಿ, ಒಂದು ರಾತ್ರಿ ಮೇಜಿನ ಮೇಲೆ ಬಿಡಿ. ಮನೆಯಲ್ಲಿ ಇಳಿಯದೆ ದಿನದ ಓಡಾಟದಲ್ಲಿ ಮಾತ್ರ ಚಾರ್ಜ್ ಇಳಿಯುತ್ತದೆ ಎನ್ನುವವರು ಇಲ್ಲಿಂದಲೇ ಶುರು ಮಾಡಬಹುದು.

7. ಡಾರ್ಕ್ ಮೋಡ್ ಚಾರ್ಜ್ ಉಳಿಸುವುದಿಲ್ಲ

ಇದು ಫೋನಿನಿಂದ ಬಂದ ನಂಬಿಕೆ. ಒಎಲ್‌ಇಡಿ ಪರದೆಯ ಫೋನಿನಲ್ಲಿ ಕಪ್ಪು ಚುಕ್ಕಿ ಎಂದರೆ ಆರಿದ ಚುಕ್ಕಿ, ಅಲ್ಲಿ ಉಳಿತಾಯ ನಿಜ. ಇ-ರೀಡರ್‌ನಲ್ಲಿ ದೀಪಗಳು ಪರದೆಯ ಅಂಚಿನಲ್ಲಿದ್ದು, ಮೇಲಿನ ಪದರದ ಮೂಲಕ ಬೆಳಕನ್ನು ಪುಟದ ಮೇಲೆ ಹರಡುತ್ತವೆ. ಪುಟ ಕಪ್ಪಿರಲಿ ಬಿಳಿಯಿರಲಿ ದೀಪಕ್ಕೆ ಬೇಕಾದ ಕರೆಂಟ್ ಅಷ್ಟೇ. ಉಳಿತಾಯ ಬೇಕಿದ್ದರೆ ದೀಪದ ಮಟ್ಟ ಇಳಿಸಿ. ಹಗಲು ಕಿಟಕಿಯ ಪಕ್ಕ ಕೂತು ಓದುವಾಗ ದೀಪವೇ ಬೇಡ. ಪ್ರತಿ ಪುಟಕ್ಕೂ ಪರದೆಯನ್ನು ಪೂರ್ತಿ ಅಳಿಸಿ ಬರೆಯುವ ಪೇಜ್ ರಿಫ್ರೆಶ್ ಆಯ್ಕೆಯನ್ನೂ, ಹಳೆಯ ಪುಟದ ನೆರಳು ಕಣ್ಣಿಗೆ ತೊಂದರೆ ಕೊಡದಿದ್ದರೆ, ಆಫ್ ಮಾಡಬಹುದು.

8. ಕನ್ನಡ ಓದುಗರ ತೊಂದರೆ ಬೇರೆ: ಸ್ಕ್ಯಾನ್ ಮಾಡಿದ ಪಿಡಿಎಫ್

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2016ರ ಡಿಸೆಂಬರ್‌ನಲ್ಲಿ ಅಮೆಜಾನ್ ಭಾರತದಲ್ಲಿ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇ-ಪುಸ್ತಕಗಳನ್ನು ಕಿಂಡಲ್‌ಗೆ ತಂದಿತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಹಾಗಾಗಿ ಕನ್ನಡ ಓದುಗರು ತಮ್ಮ ದಾರಿ ತಾವು ನೋಡಿಕೊಂಡರು. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯಲ್ಲಿ ಸ್ಕ್ಯಾನ್ ಆಗಿ ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುವ ಹಳೆಯ ಕನ್ನಡ ಪುಸ್ತಕಗಳ ಪಿಡಿಎಫ್ ಇಳಿಸಿಕೊಂಡು ಓದುವವರು ಬಹಳ ಮಂದಿ.

ಆ ಫೈಲುಗಳಲ್ಲಿ ಪ್ರತಿ ಪುಟವೂ ಒಂದೊಂದು ಫೋಟೋ. ಅಕ್ಷರದ ಪುಸ್ತಕದಲ್ಲಿ ಪುಟ ತಿರುಗಿಸುವುದು ಪ್ರೊಸೆಸರ್‌ಗೆ ಕ್ಷಣದ ಕೆಲಸ. ಫೋಟೋ ಪುಟದಲ್ಲಿ ದೊಡ್ಡ ಚಿತ್ರವನ್ನು ಬಿಚ್ಚಬೇಕು, ಪರದೆಯ ಅಳತೆಗೆ ಕುಗ್ಗಿಸಬೇಕು, ಬೂದು ಛಾಯೆಗಳಿಗೆ ಇಳಿಸಬೇಕು. ಸಾಲದ್ದಕ್ಕೆ ಆರು ಇಂಚಿನ ಪರದೆಯಲ್ಲಿ ಒತ್ತಕ್ಷರ ಕಾಣುವುದಿಲ್ಲ ಎಂದು ನಾವು ಹಿಗ್ಗಿಸುತ್ತೇವೆ, ಎಳೆಯುತ್ತೇವೆ, ಮತ್ತೆ ಕುಗ್ಗಿಸುತ್ತೇವೆ. ಪ್ರತಿ ಎಳೆತಕ್ಕೂ ಪರದೆ ಹೊಸದಾಗಿ ಬರೆಯಬೇಕು. ಒಂದು ಪುಟ ಓದುವಷ್ಟರಲ್ಲಿ ಹಲವು ಪುಟ ತಿರುವಿದಷ್ಟು ಖರ್ಚು. ಇಂಥವರ ಯಂತ್ರ ರಾತ್ರಿ ಪರೀಕ್ಷೆಯಲ್ಲಿ ಪಾಸಾಗುತ್ತದೆ, ಓದುವ ಪರೀಕ್ಷೆಯಲ್ಲಿ ನಪಾಸಾಗುತ್ತದೆ.

ದಾರಿಗಳಿವೆ. ಯಂತ್ರಕ್ಕೆ ಹಾಕುವ ಮೊದಲೇ ಕಂಪ್ಯೂಟರಿನಲ್ಲಿ ಪುಟದ ಖಾಲಿ ಅಂಚುಗಳನ್ನು ಕತ್ತರಿಸಿದರೆ ಅಕ್ಷರ ತಾನಾಗಿ ದೊಡ್ಡದಾಗುತ್ತದೆ, ಎಳೆದಾಟ ತಪ್ಪುತ್ತದೆ. ಯಂತ್ರವನ್ನು ಅಡ್ಡಕ್ಕೆ ಹಿಡಿದು ಅರ್ಧ ಅರ್ಧ ಪುಟ ಓದುವುದೂ ಹಿಗ್ಗಿಸುವುದಕ್ಕಿಂತ ವಾಸಿ. ಅದೇ ಕೃತಿ ಕನ್ನಡ ವಿಕಿಸೋರ್ಸ್‌ನಲ್ಲಿ ಯೂನಿಕೋಡ್ ಅಕ್ಷರವಾಗಿ ಇದೆಯೇ ಎಂದು ಮೊದಲು ನೋಡಿ. ಇದ್ದರೆ ಇಪಬ್ ಆಗಿ ಇಳಿಸಿಕೊಳ್ಳಬಹುದು. ಕಣ್ಣಿಗೂ ಬ್ಯಾಟರಿಗೂ ಅದು ಒಳ್ಳೆಯದು. ಪಿಡಿಎಫ್ ಓದಲೇಬೇಕಾದವರು ಚಾರ್ಜ್ ಬೇಗ ಇಳಿಯುತ್ತದೆ ಎಂಬುದನ್ನು ಒಪ್ಪಿಕೊಂಡುಬಿಡಿ. ಅದಕ್ಕಾಗಿ ಬ್ಯಾಟರಿ ಬದಲಿಸಬೇಡಿ.

9. ಆ್ಯಂಡ್ರಾಯ್ಡ್ ಇದ್ದರೆ ಫೋನಿನ ಹಾಗೆ ನೋಡಿ

ಓನಿಕ್ಸ್ ಬೂಕ್ಸ್‌ನಂಥ ಯಂತ್ರಗಳಲ್ಲಿ ಪರದೆ ಇ-ಇಂಕ್, ಒಳಗೆ ಆ್ಯಂಡ್ರಾಯ್ಡ್. ಬೇಕಾದ ಆ್ಯಪ್ ಹಾಕಿಕೊಳ್ಳಬಹುದು ಎಂಬ ಅನುಕೂಲದ ಬೆನ್ನಿಗೇ ಆ ಆ್ಯಪ್‌ಗಳು ಹಿಂದಿನಿಂದ ಓಡುತ್ತಿರುತ್ತವೆ ಎಂಬ ತೊಂದರೆಯೂ ಇದೆ. ಇಮೇಲ್, ಮೆಸೇಜ್, ಕ್ಲೌಡ್ ಸಿಂಕ್ ಯಾವುದೂ ಯಂತ್ರವನ್ನು ಮಲಗಲು ಬಿಡುವುದಿಲ್ಲ. ಬ್ಯಾಟರಿ ಸೆಟ್ಟಿಂಗ್‌ನಲ್ಲಿ ಯಾವ ಆ್ಯಪ್ ಎಷ್ಟು ತಿಂದಿದೆ ಎಂದು ನೋಡಿ, ಓದಿಗೆ ಬೇಡದ್ದನ್ನು ತೆಗೆಯಿರಿ ಅಥವಾ ಫ್ರೀಜ್ ಮಾಡಿ.

10. ಶೇಕಡಾ ಅಂಕಿಯನ್ನು ಪೂರ್ತಿ ನಂಬಬೇಡಿ, ಪಿನ್ ಅನ್ನೂ ನೋಡಿ

ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂಬುದನ್ನು ಯಂತ್ರ ಅಂದಾಜು ಮಾಡುತ್ತದೆ. ಲಿಥಿಯಂ ಬ್ಯಾಟರಿಯ ವೋಲ್ಟೇಜ್ ತುಂಬಿದಾಗ ಸುಮಾರು 4.2, ನಡುವಿನ ಬಹುಭಾಗ 3.7ರ ಆಸುಪಾಸಿನಲ್ಲೇ ನಿಧಾನವಾಗಿ ಇಳಿಯುತ್ತದೆ, ಕೊನೆಯಲ್ಲಿ ಧಡಾರನೆ ಬೀಳುತ್ತದೆ. ನಡುವಿನ ಆ ಸಮತಟ್ಟಿನಲ್ಲಿ ಅಂದಾಜು ತಪ್ಪುವುದು ಸುಲಭ. ಶೇ. 60 ತೋರಿಸುತ್ತಿದ್ದದ್ದು ರೀಸ್ಟಾರ್ಟ್ ಆದ ಮೇಲೆ ಶೇ. 45 ತೋರಿಸಿದರೆ ಚಾರ್ಜ್ ಹೋಗಿಲ್ಲ, ಲೆಕ್ಕ ತಿದ್ದಿಕೊಂಡಿದೆ. ಒಮ್ಮೆ ಪೂರ್ತಿ ಚಾರ್ಜ್ ಮಾಡಿ, ಹತ್ತರ ಆಸುಪಾಸಿಗೆ ಇಳಿಯುವ ತನಕ ಓದಿ, ಮತ್ತೆ ಪೂರ್ತಿ ತುಂಬಿಸಿದರೆ ಸಾಮಾನ್ಯವಾಗಿ ಅಂಕಿ ದಾರಿಗೆ ಬರುತ್ತದೆ.

ಚಾರ್ಜ್ ಪೂರ್ತಿ ಆಗಿರುವುದೇ ಇಲ್ಲ ಎಂಬ ಪ್ರಕರಣಗಳೂ ಬರುತ್ತವೆ. ಹಳೆಯ ಮೈಕ್ರೋ ಯುಎಸ್‌ಬಿ ಪಿನ್‌ನಲ್ಲಿ ಧೂಳು, ಬಟ್ಟೆಯ ನಾರು ಕೂತು ಕೇಬಲ್ ಸರಿಯಾಗಿ ಕಚ್ಚುವುದಿಲ್ಲ. ಯಂತ್ರ ಆಫ್ ಮಾಡಿ, ಒಣ ಮೆತ್ತನೆಯ ಬ್ರಷ್‌ನಿಂದ ಒರೆಸಿ. ಸೂಜಿ, ಪಿನ್ನು ಹಾಕಬೇಡಿ. ಮಾಮೂಲಿ 5 ವ್ಯಾಟ್ ಅಡಾಪ್ಟರ್, ಒಳ್ಳೆಯ ಕೇಬಲ್ ಸಾಕು.

11. ರೀಸ್ಟಾರ್ಟ್ ಮೊದಲು, ರೀಸೆಟ್ ಕೊನೆಗೆ

ಇ-ರೀಡರ್ ಅನ್ನು ಯಾರೂ ಆಫ್ ಮಾಡುವುದಿಲ್ಲ, ತಿಂಗಳುಗಟ್ಟಲೆ ಬರೀ ಮಲಗಿಸಿ ಎಬ್ಬಿಸುತ್ತಾರೆ. ಒಳಗೆ ಸಿಕ್ಕಿಕೊಂಡ ಕೆಲಸಗಳು ಹಾಗೇ ಉಳಿಯುತ್ತವೆ. ಆದ್ದರಿಂದ ಮೆನುವಿನಿಂದ ಒಮ್ಮೆ ರೀಸ್ಟಾರ್ಟ್ ಮಾಡಿ. ಹ್ಯಾಂಗ್ ಆಗಿದ್ದರೆ ಕಿಂಡಲ್‌ನಲ್ಲಿ ಪವರ್ ಬಟನ್ ಅನ್ನು 40 ಸೆಕೆಂಡ್ ಒತ್ತಿ ಹಿಡಿಯಬೇಕು. ಆಮೇಲೆ ಸಾಫ್ಟ್‌ವೇರ್ ಅಪ್‌ಡೇಟ್ ಇದೆಯೇ ನೋಡಿ. ಅಪ್‌ಡೇಟ್ ಆದ ಬೆನ್ನಿಗೇ ಒಂದೆರಡು ದಿನ ಚಾರ್ಜ್ ಬೇಗ ಇಳಿದರೆ ಕಾದು ನೋಡಿ, ಪುಸ್ತಕಗಳನ್ನು ಮತ್ತೆ ಇಂಡೆಕ್ಸ್ ಮಾಡುತ್ತಿರಬಹುದು.

ಫ್ಯಾಕ್ಟರಿ ರೀಸೆಟ್ ಎಲ್ಲ ಅಳಿಸುತ್ತದೆ. ಮಾಡುವ ಮುನ್ನ ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸಿ ನೀವೇ ಹಾಕಿದ ಪುಸ್ತಕಗಳನ್ನು ಕಾಪಿ ಮಾಡಿ. ಕಿಂಡಲ್ ಆದರೆ ಡಾಕ್ಯುಮೆಂಟ್ಸ್ ಫೋಲ್ಡರ್‌ನಲ್ಲಿರುವ ಮೈ ಕ್ಲಿಪಿಂಗ್ಸ್ ಫೈಲನ್ನು ಮರೆಯಬೇಡಿ. ವರ್ಷಗಳಿಂದ ಗುರುತು ಹಾಕಿದ ಸಾಲುಗಳು, ಬರೆದ ಟಿಪ್ಪಣಿಗಳು ಅದರಲ್ಲಿರುತ್ತವೆ. ರೀಸೆಟ್ ಆದ ಮೇಲೆ ಖಾಲಿ ಯಂತ್ರವನ್ನೇ ಒಂದು ರಾತ್ರಿ ಪರೀಕ್ಷಿಸಿ, ಆಮೇಲೆ ಪುಸ್ತಕಗಳನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಎಲ್ಲವನ್ನೂ ಒಟ್ಟಿಗೆ ಸುರಿದರೆ ಕೆಟ್ಟ ಫೈಲೂ ಅದರ ಜೊತೆಗೇ ಮನೆಗೆ ಮರಳುತ್ತದೆ.

12. ಬ್ಯಾಟರಿ ನಿಜವಾಗಿ ಮುಗಿದಾಗ ಎಳೆದಾಡಬೇಡಿ

ಖಾಲಿ ಯಂತ್ರ, ವೈ-ಫೈ ಆಫ್, ಕವರ್ ಇಲ್ಲ, ಆದರೂ ರಾತ್ರಿ ಇಳಿಯುತ್ತಿದೆ. ಶೇ. 40 ಇದ್ದದ್ದು ವೈ-ಫೈ ಹಾಕಿದ ಕೂಡಲೇ ಧುಮುಕಿ ಆಫ್ ಆಗುತ್ತದೆ, ಚಾರ್ಜರ್ ಹಾಕಿದ ಕೂಡಲೇ ಮತ್ತೆ ಮೇಲೇರುತ್ತದೆ. ಇದು ಮುದಿ ಬ್ಯಾಟರಿ. ಒಳಗಿನ ಪ್ರತಿರೋಧ ಹೆಚ್ಚಿ, ಹೊರೆ ಬಿದ್ದಾಗ ವೋಲ್ಟೇಜ್ ತಗ್ಗುತ್ತದೆ. ಆಗ ಬದಲಿಸುವುದೇ ಸರಿ. ಬೋರ್ಡ್‌ನಲ್ಲಿ ಎಲ್ಲೋ ಶಾರ್ಟ್ ಇದ್ದರೂ ರಾತ್ರಿ ಹೀಗೇ ಇಳಿಯುತ್ತದೆ. ಹಾಗಾಗಿ ಬದಲಿಸುವ ಮೊದಲು ನಾನು ಬ್ಯಾಟರಿ ಕಳಚಿ, ಡಿಸಿ ಸಪ್ಲೈಯಿಂದ ಕರೆಂಟ್ ಕೊಟ್ಟು, ಮಲಗಿದಾಗ ಎಷ್ಟು ಎಳೆಯುತ್ತದೆ ಎಂದು ಮೀಟರ್‌ನಲ್ಲಿ ನೋಡುತ್ತೇನೆ. ಹೆಚ್ಚುಕಡಿಮೆ ಸೊನ್ನೆಗೆ ಬಂದು ನಿಂತರೆ ತಪ್ಪು ಬ್ಯಾಟರಿಯದು. ರಿಪೇರಿಯವರ ಬಳಿ ಹೋದಾಗ ಈ ಪರೀಕ್ಷೆ ಮಾಡಿ ಎಂದು ಕೇಳಿ.

ಬ್ಯಾಟರಿಯನ್ನು ಬೇಗ ಮುದಿ ಮಾಡುವುದು ಬಿಸಿ. ಕಿಂಡಲ್ ಕೈಪಿಡಿಗಳು ಬಳಕೆಗೆ ಸೂಚಿಸುವ ಉಷ್ಣಾಂಶ 0ಯಿಂದ 35 ಡಿಗ್ರಿ ಸೆಲ್ಸಿಯಸ್. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ನೆರಳಲ್ಲೇ 40 ದಾಟುತ್ತದೆ, ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಕೇಳುವುದೇ ಬೇಡ. ತಿಂಗಳುಗಟ್ಟಲೆ ಬಳಸುವುದಿಲ್ಲವೆಂದರೆ ಅರ್ಧ ಚಾರ್ಜ್‌ನಲ್ಲಿ, ತಂಪಾದ ಕಡೆ, ಪೂರ್ತಿ ಆಫ್ ಮಾಡಿ ಇಡಿ. ಖಾಲಿ ಮಾಡಿ ಕಪಾಟಿಗೆ ಹಾಕಿದ ಬ್ಯಾಟರಿ ಮತ್ತೆ ಏಳದೇ ಹೋಗಬಹುದು.

ಪರದೆಯ ಅಂಚು ಎದ್ದಿದ್ದರೆ ಅಥವಾ ಬೆನ್ನು ಉಬ್ಬಿದ್ದರೆ ಬ್ಯಾಟರಿ ಊದಿದೆ. ಆ ಕ್ಷಣದಿಂದ ಚಾರ್ಜ್ ಮಾಡಬೇಡಿ, ಒತ್ತಿ ಕೂರಿಸಲು ಹೋಗಬೇಡಿ, ಚುಚ್ಚಲೇಬೇಡಿ. ತೆಗೆದ ಬ್ಯಾಟರಿಯನ್ನು ಮನೆಯ ಕಸಕ್ಕೆ ಹಾಕಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದ ಬ್ಯಾಟರಿಯನ್ನು ಬೇರೆಯಾಗಿಯೇ ಸಂಗ್ರಹಿಸಿ ಮರುಬಳಕೆಗೆ ಕಳಿಸಬೇಕು. ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೋ, ಅದನ್ನು ಒಪ್ಪಿಸುವ ಅಂಗಡಿಗೋ ಕೊಡಿ.

ಬ್ಯಾಟರಿ ಹೊಸದಾದ ಮೇಲೂ ಮೂರನೆಯ ಪಾಠದ ರಾತ್ರಿ ಪರೀಕ್ಷೆಯನ್ನು ಬಿಡಬೇಡಿ. ಯಂತ್ರವನ್ನು ಎಚ್ಚರವಾಗಿ ಇಟ್ಟಿದ್ದ ಫೈಲೋ ಕವರೋ ಹಾಗೇ ಉಳಿದಿದ್ದರೆ ಹೊಸ ಬ್ಯಾಟರಿಯನ್ನೂ ಅದು ಅಷ್ಟೇ ಬೇಗ ಕುಡಿದು ಮುಗಿಸುತ್ತದೆ. ಪರೀಕ್ಷೆಯಲ್ಲಿ ಪಾಸಾದರೆ ಮಾತ್ರ ರಿಪೇರಿಯ ದುಡ್ಡು ಕೊಡಿ. ನನ್ನ ಅಂಗಡಿಯ ನಿಯಮವೂ ಅದೇ.